ಜೀರ್ಣೋದ್ಧಾರ ಮತ್ತು ಸಾಕ್ಷ್ಯ: ಲ್ಯಾಂಗ್ಲಿ ವಿಮಾನದ ವಿವಾದದಿಂದ ಒಂದು ಪಾಠ

ಶಿಲಾಶಾಸನವೊಂದನ್ನು ಸಂಪಾದಿಸುವ ವಿದ್ವಾಂಸನು ಕಲ್ಲಿನಲ್ಲಿ ಸವೆದುಹೋದ ಅಕ್ಷರಗಳನ್ನು ಊಹಿಸಿ ತುಂಬಿದಲ್ಲಿ, ಆ ಅಕ್ಷರಗಳನ್ನು ಕಂಸದೊಳಗಿಟ್ಟು ಅಚ್ಚುಮಾಡಿಸುತ್ತಾನೆ. ಓಲೆಗರಿಯ ಗ್ರಂಥವನ್ನು ಪರಿಷ್ಕರಿಸುವವನು ತ್ರುಟಿತವಾದ ಭಾಗವನ್ನು ಚುಕ್ಕೆಗಳಿಂದ ತೋರಿಸಿ, ತಾನು ತಿದ್ದಿದ ಪಾಠದ ಕೆಳಗೆ ಮೂಲಪ್ರತಿಯ ಪಾಠವನ್ನೂ ಕೊಡುತ್ತಾನೆ. ಊಹಿಸುವುದೇ ತಪ್ಪೆಂದು ಯಾರೂ ಹೇಳುವುದಿಲ್ಲ. ಊಹೆಯು ಎಲ್ಲಿ ಮೊದಲಾಯಿತೆಂಬುದನ್ನು ಮರೆಮಾಡುವುದು ತಪ್ಪು. ಈ ನಿಯಮವು ಸಾಹಿತ್ಯ ಮತ್ತು ಶಾಸನಗಳ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ಆದರೆ ಮರ, ಬಟ್ಟೆ, ತಂತಿ, ಉಕ್ಕುಗಳಿಂದಾದ ಯಂತ್ರವೊಂದು ಇತಿಹಾಸಕ್ಕೆ ಸಾಕ್ಷಿಯಾಗಿ ನಿಂತಾಗ ಅದಕ್ಕೂ ಇದೇ ನಿಯಮವು ಸಲ್ಲುತ್ತದೆಯೆ?

ಹಳೆಯ ವಿಮಾನಗಳನ್ನು ಹುಡುಕಿ ತಂದು, ದುರಸ್ತು ಮಾಡಿ, ಕೆಲವೊಮ್ಮೆ ಹಾರಿಸಿಯೂ ನೋಡುವ ಉತ್ಸಾಹಿಗಳು ಇಂದು ಹಲವು ದೇಶಗಳಲ್ಲಿದ್ದಾರೆ. ಯಾವುದು ಮೂಲ, ಯಾವುದು ಪ್ರತಿಕೃತಿ, ಯಾರು ಮೊದಲು ಹಾರಿದರು ಎಂಬ ವಿಷಯಗಳಲ್ಲಿ ಅವರೊಳಗೆ ನಡೆಯುವ ವಾದಗಳು ಹೊರಗಿನವರಿಗೆ ವಿನೋದವಾಗಿ ತೋರಬಹುದು. ಆದರೆ ಇಂತಹ ಒಂದು ವಾದವು ಒಂದು ರಾಷ್ಟ್ರೀಯ ವಿದ್ಯಾಸಂಸ್ಥೆಯ ಮರ್ಯಾದೆಯನ್ನು ಸುಮಾರು ಮೂವತ್ತು ವರ್ಷಗಳ ಕಾಲ ಒರೆಗೆ ಹಚ್ಚಿತು. ಲೋಕದ ಅತ್ಯಂತ ಪ್ರಸಿದ್ಧವಾದ ವಿಮಾನವನ್ನು ಎರಡು ದಶಕಗಳ ಕಾಲ ಪರದೇಶದಲ್ಲಿರಿಸಿತು. ಆ ವಿವಾದದ ಸ್ವರೂಪವನ್ನು ವಿವರಿಸಿ, ಅದರಿಂದ ಇತಿಹಾಸದ ವಿದ್ಯಾರ್ಥಿಗಳು ಕಲಿಯಬಹುದಾದುದೇನೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

೧. ಎರಡು ಯಂತ್ರಗಳು

ಸ್ಯಾಮ್ಯುಯಲ್ ಪಿಯರ್ಪಾಂಟ್ ಲ್ಯಾಂಗ್ಲಿಯವರು ಖಗೋಲವಿಜ್ಞಾನಿಗಳು. ಸೂರ್ಯನ ಶಾಖವನ್ನು ಸೂಕ್ಷ್ಮವಾಗಿ ಅಳೆಯುವ ಉಪಕರಣವನ್ನು ರಚಿಸಿ ಕೀರ್ತಿ ಪಡೆದವರು. ೧೮೮೭ ರಲ್ಲಿ ಅವರು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಗಳಾದರು. ಆ ಸಂಸ್ಥೆಯಲ್ಲಿ ಕಾರ್ಯದರ್ಶಿಯೇ ಮುಖ್ಯಾಧಿಕಾರಿ. ಅಲ್ಲಿದ್ದುಕೊಂಡು ಅವರು ಹಾರುವ ಯಂತ್ರಗಳ ರಚನೆಗೆ ಕೈಹಾಕಿದರು. ೧೮೯೬ ನೆಯ ಮೇ ೬ ರಂದು ಅವರ ಐದನೆಯ ಮಾದರಿಯು, ಮನುಷ್ಯನಿಲ್ಲದೆ, ಹಬೆಯ ಎಂಜಿನಿನಿಂದ ಪೊಟೋಮ್ಯಾಕ್ ನದಿಯ ಮೇಲೆ ಸುಮಾರು ೩,೩೦೦ ಅಡಿ ಹಾರಿತು. ಟೆಲಿಫೋನಿನ ನಿರ್ಮಾತೃವಾದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರು ಅದನ್ನು ಕಣ್ಣಾರೆ ಕಂಡು ಛಾಯಾಚಿತ್ರವನ್ನೂ ತೆಗೆದರು. ಇದು ನಿಸ್ಸಂದೇಹವಾಗಿ ಮಹತ್ತ್ವದ ಸಾಧನೆ. ಲ್ಯಾಂಗ್ಲಿಯವರ ಗೌರವಕ್ಕೆ ಇದೊಂದೇ ಸಾಕಾಗಿದ್ದಿತು.

೧೮೯೮ ರಲ್ಲಿ ಅಮೆರಿಕದ ಯುದ್ಧ ಇಲಾಖೆಯು ಮನುಷ್ಯನನ್ನು ಹೊರಬಲ್ಲ ಯಂತ್ರಕ್ಕಾಗಿ ಅವರಿಗೆ ೫೦,೦೦೦ ಡಾಲರುಗಳನ್ನು ಮಂಜೂರು ಮಾಡಿತು. ಹೀಗೆ ಸಿದ್ಧವಾದ ದೊಡ್ಡ ಯಂತ್ರಕ್ಕೆ ಲ್ಯಾಂಗ್ಲಿಯವರು ಇಟ್ಟ ಹೆಸರು 'ಏರೋಡ್ರೋಮ್'. ಇಂದು ಆ ಶಬ್ದಕ್ಕೆ ವಿಮಾನನಿಲ್ದಾಣವೆಂಬ ಅರ್ಥವಿದ್ದರೂ ಅವರು ಅದನ್ನು ಯಂತ್ರಕ್ಕೇ ಬಳಸಿದರು. ಒಂದರ ಹಿಂದೆ ಒಂದರಂತೆ ಎರಡು ಜೊತೆ ರೆಕ್ಕೆಗಳಿದ್ದ ಈ ಯಂತ್ರಕ್ಕೆ ಚಾರ್ಲ್ಸ್ ಮ್ಯಾನ್ಲಿಯವರು ಪರಿಷ್ಕರಿಸಿದ ೫೨ ಅಶ್ವಶಕ್ತಿಯ ಪೆಟ್ರೋಲ್ ಎಂಜಿನನ್ನು ಜೋಡಿಸಲಾಗಿತ್ತು. ೧೯೦೩ ನೆಯ ಅಕ್ಟೋಬರ್ ೭ ರಂದು, ನದಿಯಲ್ಲಿ ನಿಲ್ಲಿಸಿದ ದೋಣಿಮನೆಯ ಮಾಳಿಗೆಯಿಂದ ಅದನ್ನು ಕವಣೆಯಂತಹ ಸಾಧನದಿಂದ ಚಿಮ್ಮಿದಾಗ, ಯಂತ್ರವು ಮುಂಭಾಗ ತಗ್ಗಿ ನೇರವಾಗಿ ನೀರಿಗೆ ಬಿದ್ದಿತು. ಡಿಸೆಂಬರ್ ೮ ರಂದು ಮತ್ತೆ ಚಿಮ್ಮಿದಾಗ ಅದರ ಹಿಂಭಾಗವೇ ಕುಸಿಯಿತು. ಎರಡು ಸಲವೂ ಚಾಲಕರಾಗಿ ಕುಳಿತಿದ್ದ ಮ್ಯಾನ್ಲಿಯವರು ಪ್ರಾಣಾಪಾಯದಿಂದ ಪಾರಾದುದೇ ಭಾಗ್ಯ. ತಪ್ಪು ಯಂತ್ರದ್ದಲ್ಲ, ಚಿಮ್ಮುವ ಸಾಧನದ್ದೆಂಬುದು ಲ್ಯಾಂಗ್ಲಿಯವರ ನಂಬಿಕೆ. ಪತ್ರಿಕೆಗಳ ಅಪಹಾಸ್ಯಕ್ಕೆ ಗುರಿಯಾದ ಅವರು ೧೯೦೬ ರಲ್ಲಿ ತೀರಿಕೊಂಡರು.

ಆ ಎರಡನೆಯ ಸೋಲಿಗೆ ಒಂಬತ್ತು ದಿನಗಳ ಅನಂತರ, ೧೯೦೩ ನೆಯ ಡಿಸೆಂಬರ್ ೧೭ ರಂದು, ಉತ್ತರ ಕರೋಲಿನದ ಕಿಟಿ ಹಾಕ್ ಎಂಬ ಊರಿನ ಸಮೀಪದ ಮರಳುಗಾಡಿನಲ್ಲಿ ಆರ್ವಿಲ್ ರೈಟ್ ಮತ್ತು ವಿಲ್ಬರ್ ರೈಟ್ ಸಹೋದರರ ಯಂತ್ರವು ನಾಲ್ಕು ಬಾರಿ ಹಾರಿತು. ಮೊದಲನೆಯ ಹಾರಾಟ ೧೨ ಸೆಕೆಂಡು, ೧೨೦ ಅಡಿ. ನಾಲ್ಕನೆಯದು ೫೯ ಸೆಕೆಂಡು, ೮೫೨ ಅಡಿ. ಅದರ ಎಂಜಿನಿನ ಶಕ್ತಿ ಹನ್ನೆರಡು ಅಶ್ವಶಕ್ತಿಯಷ್ಟು ಮಾತ್ರ. ನಾಲ್ಕನೆಯ ಹಾರಾಟದ ತರುವಾಯ ಬಿರುಗಾಳಿಯೊಂದು ಯಂತ್ರವನ್ನು ಉರುಳಿಸಿ ಜಖಂಗೊಳಿಸಿತು. ಅದು ಮತ್ತೆಂದೂ ಹಾರಲಿಲ್ಲ. ಸಹೋದರರು ಅದನ್ನು ಪೆಟ್ಟಿಗೆಗಳಲ್ಲಿ ತುಂಬಿ ತಮ್ಮ ಊರಾದ ಡೇಟನ್ನಿಗೆ ಸಾಗಿಸಿದರು.

೨. ಹ್ಯಾಮಂಡ್ಸ್‌ಪೋರ್ಟಿನ ಪ್ರಯೋಗ

ರೈಟ್ ಸಹೋದರರಿಗೆ ೧೯೦೬ ರಲ್ಲಿ ಪೇಟೆಂಟು ದೊರೆಯಿತು. ವಿಮಾನವನ್ನು ಎಡಬಲಗಳಿಗೆ ವಾಲದಂತೆ ಹತೋಟಿಯಲ್ಲಿಡುವ ಕ್ರಮವೇ ಅದರ ತಿರುಳು. ಗ್ಲೆನ್ ಕರ್ಟಿಸ್ ಎಂಬ ಪ್ರಸಿದ್ಧ ವಿಮಾನನಿರ್ಮಾಪಕರು ಈ ಹಕ್ಕನ್ನು ಉಲ್ಲಂಘಿಸಿದರೆಂದು ಸಹೋದರರು ಮೊಕದ್ದಮೆ ಹೂಡಿದರು. ವಿಲ್ಬರರು ೧೯೧೨ ರಲ್ಲಿ ತೀರಿಕೊಂಡರು. ೧೯೧೪ ರ ಜನವರಿಯಲ್ಲಿ ಮೇಲ್ಮನವಿಯ ನ್ಯಾಯಾಲಯವು ರೈಟರ ಪಕ್ಷವನ್ನು ಎತ್ತಿಹಿಡಿಯಿತು. ರೈಟರದು ಈ ಕ್ಷೇತ್ರದ ಆದ್ಯ ಶೋಧನೆಯೆಂದು ಗಣಿಸಿದುದರಿಂದಲೇ ಅವರ ಹಕ್ಕಿಗೆ ಅಷ್ಟು ವಿಶಾಲವಾದ ವ್ಯಾಪ್ತಿ ದೊರೆತಿತ್ತು. ಅವರಿಗಿಂತ ಮೊದಲೇ ಹಾರಬಲ್ಲ ಯಂತ್ರವೊಂದಿತ್ತೆಂದು ತೋರಿಸಿಕೊಟ್ಟರೆ ಆ ವ್ಯಾಪ್ತಿಯು ಕುಗ್ಗೀತೆಂಬುದು ಸ್ಪಷ್ಟವಾಗಿದ್ದಿತು.

ಅದೇ ವರ್ಷ ಸ್ಮಿತ್ಸೋನಿಯನ್ ಸಂಸ್ಥೆಯು ಲ್ಯಾಂಗ್ಲಿಯವರ ಯಂತ್ರದ ಅವಶೇಷಗಳನ್ನು ಕರ್ಟಿಸರ ವಶಕ್ಕೆ ಕೊಟ್ಟಿತು. ಅದನ್ನು ಸರಿಪಡಿಸಿ ಹಾರಿಸಿ ನೋಡುವುದಕ್ಕೆ ೨,೦೦೦ ಡಾಲರುಗಳನ್ನೂ ಕೊಟ್ಟಿತು. ಆಗ ಕಾರ್ಯದರ್ಶಿಗಳಾಗಿದ್ದವರು ಚಾರ್ಲ್ಸ್ ವಾಲ್ಕಾಟರು. ಸಂಸ್ಥೆಯ ಪರವಾಗಿ ಪ್ರಯೋಗವನ್ನು ವೀಕ್ಷಿಸಿದ ಆಲ್ಬರ್ಟ್ ಜಾಮ್‌ರು ಹಿಂದಿನ ಮೊಕದ್ದಮೆಯಲ್ಲಿ ಕರ್ಟಿಸರ ಪರವಾಗಿ ತಜ್ಞಸಾಕ್ಷ್ಯ ನುಡಿದವರು. ಅಂತೂ ಸೋತ ಪ್ರತಿವಾದಿಯೇ ಪ್ರಯೋಗಕರ್ತೃ, ಅವರ ಸಾಕ್ಷಿಯೇ ಪರೀಕ್ಷಕ. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಅನುಚಿತವಾದ ಏರ್ಪಾಡನ್ನು ಊಹಿಸುವುದು ಕಷ್ಟ.

೧೯೧೪ ನೆಯ ಮೇ ೨೮ ರಂದು ನ್ಯೂಯಾರ್ಕ್ ಸಂಸ್ಥಾನದ ಹ್ಯಾಮಂಡ್ಸ್‌ಪೋರ್ಟಿನ ಬಳಿ, ಕ್ಯೂಕ ಸರೋವರದ ಮೇಲೆ, ಆ ಯಂತ್ರವು ತೇಲುಬುಂಡೆಗಳ ಸಹಾಯದಿಂದ ನೀರಿನ ಮೇಲೆ ಓಡಿ, ಸುಮಾರು ೧೫೦ ಅಡಿಗಳಷ್ಟು ದೂರ ಮೇಲೆದ್ದಿತು. ತರುವಾಯ ಅದಕ್ಕೆ ಕರ್ಟಿಸರ ೮೦ ಅಶ್ವಶಕ್ತಿಯ ಎಂಜಿನನ್ನು ಹಾಕಿ ಇನ್ನೂ ಕೆಲವು ಬಾರಿ ಹಾರಿಸಿದರು. ೧೯೧೫ ರ ಜೂನ್ ತಿಂಗಳಲ್ಲಿ ಆರ್ವಿಲರ ಅಣ್ಣಂದಿರಾದ ಲೋರಿನ್ ರೈಟರು ಗುಟ್ಟಾಗಿ ಅಲ್ಲಿಗೆ ಹೋಗಿ, ಮುರಿದುಬಿದ್ದ ಯಂತ್ರದ ಛಾಯಾಚಿತ್ರಗಳನ್ನು ತೆಗೆದರು. ಕರ್ಟಿಸರ ಕಡೆಯವರು ಅವರನ್ನು ತಡೆದು ಫಿಲ್ಮನ್ನು ಕಸಿದುಕೊಂಡರು. ನೋಡಲು ಬಂದವನಿಂದ ಫಿಲ್ಮನ್ನು ಕಿತ್ತುಕೊಳ್ಳುವ ಪ್ರಯೋಗವು ಶಾಸ್ತ್ರೀಯ ಪ್ರಯೋಗವೆನಿಸಲಾರದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗಗಳು ಮುಗಿದ ಮೇಲೆ ಯಂತ್ರವನ್ನು ಮತ್ತೆ ೧೯೦೩ ರ ಆಕಾರಕ್ಕೆ ತಿರುಗಿಸಿ, ೧೯೧೮ ರಲ್ಲಿ ಪ್ರದರ್ಶನಕ್ಕಿಡಲಾಯಿತು. ಮನುಷ್ಯನನ್ನು ಹೊತ್ತು ಹಾರುವ ಸಾಮರ್ಥ್ಯವನ್ನು ಪಡೆದಿದ್ದ ಲೋಕದ ಮೊದಲನೆಯ ವಿಮಾನವಿದೆಂಬ ಅರ್ಥದ ಫಲಕವನ್ನೂ ಅದರ ಬಳಿ ನಿಲ್ಲಿಸಿದರು. ನೋಡುವವನ ಮುಂದೆ ಇದ್ದುದು ೧೯೦೩ ರ ರೂಪ. ಹಾರಿದ್ದು ೧೯೧೪ ರ ರೂಪ. ಎರಡಕ್ಕೂ ನಡುವೆ ಇದ್ದ ವ್ಯತ್ಯಾಸವನ್ನು ಫಲಕವು ಹೇಳಲಿಲ್ಲ.

೩. ಬದಲಾವಣೆಗಳ ಅರ್ಥ

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿಯೇ ಮಂಡಿಸೋಣ. ಕರ್ಟಿಸರ ಪರವಾದ ವಾದವಿದು: ಯಂತ್ರದಲ್ಲಿ ಮಾಡಿದ ಬದಲಾವಣೆಗಳು ನೀರಿನ ಮೇಲಿನಿಂದ ಏಳುವುದಕ್ಕೆ ಅವಶ್ಯವಾದಷ್ಟು ಮಾತ್ರ, ತೇಲುಬುಂಡೆಗಳಿಂದ ಅದರ ಭಾರವು ಹೆಚ್ಚಿತೇ ವಿನಾ ಕಡಮೆಯಾಗಲಿಲ್ಲ, ಇಷ್ಟು ಭಾರವನ್ನು ಹೊತ್ತುಕೊಂಡೂ ಅದು ಮೇಲೆದ್ದಿತೆಂದರೆ ೧೯೦೩ ರಲ್ಲಿ ಹಗುರವಾಗಿದ್ದಾಗ ಹಾರಬಲ್ಲದಾಗಿತ್ತೆಂಬುದು ಸಿದ್ಧವಾಯಿತು.

ಮೇಲುನೋಟಕ್ಕೆ ಇದು ಸಮಂಜಸವಾಗಿ ತೋರುತ್ತದೆ. ಆದರೆ ಯಂತ್ರದ ದೋಷವೆಲ್ಲಿತ್ತೆಂಬುದನ್ನು ವಿಚಾರಿಸಿದರೆ ವಾದವು ನಿಲ್ಲುವುದಿಲ್ಲ. ಗಾಳಿಯು ರೆಕ್ಕೆಯನ್ನು ಮೇಲಕ್ಕೆತ್ತುವ ಒತ್ತಡವು ರೆಕ್ಕೆಯ ಅಗಲದಲ್ಲಿ ಒಂದು ನಿರ್ದಿಷ್ಟವಾದ ರೇಖೆಯ ಸುತ್ತ ಕೇಂದ್ರೀಕೃತವಾಗಿರುತ್ತದೆ. ರೆಕ್ಕೆಯನ್ನು ಬಿಗಿದಿಡುವ ತಂತಿಗಳು ಆ ರೇಖೆಗೆ ಸಮೀಪವಾಗಿ ರೆಕ್ಕೆಯನ್ನು ಹಿಡಿದಿರಬೇಕು. ಅವು ಬಹಳ ಮುಂದಿದ್ದರೆ ಒತ್ತಡವು ರೆಕ್ಕೆಯ ಹಿಂಬದಿಯನ್ನು ಮೇಲಕ್ಕೆ ತಿರುಚುತ್ತದೆ. ಬಹಳ ಹಿಂದಿದ್ದರೆ ಮುಂಬದಿಯನ್ನು ಮೇಲಕ್ಕೆ ತಿರುಚುತ್ತದೆ. ಎರಡು ವಿಧದಲ್ಲಿಯೂ ತೆಳುವಾದ ರೆಕ್ಕೆಗೆ ಅಪಾಯ ತಪ್ಪಿದುದಲ್ಲ. ಇದರ ಮೇಲೆ ಇನ್ನೊಂದು ತೊಡಕು. ಲ್ಯಾಂಗ್ಲಿಯವರು ತಮ್ಮ ಸಣ್ಣ ಮಾದರಿಯನ್ನೇ ಹಿಗ್ಗಿಸಿ ದೊಡ್ಡ ಯಂತ್ರವನ್ನು ಕಟ್ಟಿದರು. ಒಂದು ವಸ್ತುವಿನ ಅಳತೆಗಳನ್ನೆಲ್ಲ ನಾಲ್ಕುಪಾಲು ಹೆಚ್ಚಿಸಿದರೆ ಅದರ ತೂಕವು ಅರುವತ್ತನಾಲ್ಕು ಪಾಲಾಗುತ್ತದೆ. ಆದರೆ ಅದರ ತೊಲೆಗಳ ಅಡ್ಡಕೊಯ್ತವು ಹದಿನಾರು ಪಾಲು ಮಾತ್ರ ಹೆಚ್ಚುತ್ತದೆ. ಆದುದರಿಂದ ಮಾದರಿಯಲ್ಲಿ ಗಟ್ಟಿಯಾಗಿದ್ದುದು ದೊಡ್ಡದರಲ್ಲಿ ದುರ್ಬಲವಾಗುವುದು ಸಹಜ. ಆ ಯಂತ್ರವು ಎಡಬಲಗಳಿಗೆ ವಾಲಿದಾಗ ಚಾಲಕನು ಸರಿಪಡಿಸಿಕೊಳ್ಳುವ ಉಪಾಯವೂ ಅದರಲ್ಲಿರಲಿಲ್ಲ.

೧೯೧೪ ರಲ್ಲಿ ಕರ್ಟಿಸರು ಮುಟ್ಟಿದ್ದು ಮುಖ್ಯವಾಗಿ ಈ ಮರ್ಮಸ್ಥಾನಗಳನ್ನೇ. ರೆಕ್ಕೆಯ ಬಿಗಿತಂತಿಗಳ ಆಧಾರಕಂಬಗಳನ್ನು ಹಿಂದಕ್ಕೆ ಸರಿಸಿದರು. ರೆಕ್ಕೆಯ ಕಮಾನಿನ ಎತ್ತರವು ಹಿಂದೆ ಅಗಲದ ಹನ್ನೆರಡರಲ್ಲೊಂದು ಪಾಲಿದ್ದುದನ್ನು ಹದಿನೆಂಟರಲ್ಲೊಂದು ಪಾಲಿಗೆ ಇಳಿಸಿದರು. ಮುಂದಂಚಿನ ಆಕಾರವನ್ನೂ ಬದಲಿಸಿದರು. ಎಂಜಿನಿಗೆ ಹೊಸ ಕಾರ್ಬ್ಯುರೇಟರನ್ನೂ ಮ್ಯಾಗ್ನೆಟೋ ಎಂಬ ಕಿಡಿಸಾಧನವನ್ನೂ ಜೋಡಿಸಿದರು. ಪ್ರೊಪೆಲ್ಲರುಗಳನ್ನು ತಿದ್ದಿದರು, ಚಾಲನಕ್ರಮವನ್ನು ಮಾರ್ಪಡಿಸಿದರು. ಕೊನೆಯದಾಗಿ, ಅಪಾಯಕರವಾದ ಕವಣೆಯನ್ನೇ ಬಿಟ್ಟು ನೀರಿನ ಮೇಲೆ ಮೆಲ್ಲನೆ ವೇಗಗೊಳ್ಳುವ ಕ್ರಮವನ್ನು ಅನುಸರಿಸಿದರು. ಭಾರವು ಹೆಚ್ಚಿತೆಂಬುದು ನಿಜ. ಆದರೆ ಪ್ರಶ್ನೆಯಿದ್ದುದು ಭಾರದ ವಿಷಯದಲ್ಲಲ್ಲ, ಬಲದ ವಿಷಯದಲ್ಲಿ. ಹನ್ನೊಂದು ವರ್ಷಗಳಲ್ಲಿ ಲೋಕವು ಕಲಿತಿದ್ದ ವಿದ್ಯೆಯನ್ನು ಹಳೆಯ ಯಂತ್ರದೊಳಕ್ಕೆ ಸೇರಿಸಿ, ಆ ವಿದ್ಯೆಯು ಹಳೆಯದರಲ್ಲಿಯೇ ಇತ್ತೆಂದು ಹೇಳಿದಂತಾಯಿತು. ಹನ್ನೆರಡನೆಯ ಶತಮಾನದ ಶಾಸನದಲ್ಲಿ ತಾನೇ ಅಕ್ಷರವನ್ನು ಕೊರೆದು, ಆ ಅಕ್ಷರದ ಬಲದಿಂದ ರಾಜನ ಕಾಲವನ್ನು ನಿರ್ಣಯಿಸುವವನಿಗೂ ಇದಕ್ಕೂ ಭೇದವಿಲ್ಲ.

೪. ಯಂತ್ರದ ಪರದೇಶವಾಸ

ಬದಲಾವಣೆಗಳ ಪಟ್ಟಿಯನ್ನು ಲೋಕದ ಮುಂದಿಟ್ಟವರು ರೈಟರ ಮಿತ್ರರಾದ ಗ್ರಿಫಿತ್ ಬ್ರೂವರ್ ಎಂಬ ಆಂಗ್ಲರು. ೧೯೨೧ ರಲ್ಲಿ ಲಂಡನ್ನಿನ ರಾಯಲ್ ಏರೋನಾಟಿಕಲ್ ಸೊಸೈಟಿಯಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು ಈ ವ್ಯತ್ಯಾಸಗಳನ್ನು ಒಂದೊಂದಾಗಿ ಎಣಿಸಿದರು. ಆದರೂ ಸ್ಮಿತ್ಸೋನಿಯನ್ ಸಂಸ್ಥೆಯು ತನ್ನ ಹೇಳಿಕೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಆರ್ವಿಲರು ಸಭೆಗಳಲ್ಲಿ ಮಾತನಾಡುವುದಕ್ಕೆ ಹಿಂಜರಿಯುತ್ತಿದ್ದ ಸಂಕೋಚಸ್ವಭಾವದವರು. ಆದರೆ ಹಿಡಿದ ಹಠವನ್ನು ಬಿಡುವವರಲ್ಲ. ತಮ್ಮ ೧೯೦೩ ರ ಯಂತ್ರವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿಗೆ ಕಳುಹಿಸುವುದಾಗಿ ೧೯೨೫ ರಲ್ಲಿ ಪ್ರಕಟಿಸಿ, ೧೯೨೮ ರಲ್ಲಿ ಹಾಗೆಯೇ ಮಾಡಿದರು. ಅಮೆರಿಕದಲ್ಲಿ ಹುಟ್ಟಿದ ವಿಮಾನವನ್ನು ನೋಡಲು ಅಮೆರಿಕನ್ನರು ಇಂಗ್ಲೆಂಡಿಗೆ ಹೋಗಬೇಕಾಯಿತು.

ಸಂಧಾನಗಳು ನಡೆದವು; ಅಟ್ಲಾಂಟಿಕ್ ಸಾಗರವನ್ನು ಏಕಾಂಗಿಯಾಗಿ ದಾಟಿದ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗರೂ ಯತ್ನಿಸಿ ವಿಫಲರಾದರು. ಆರ್ವಿಲರು ಕೇಳಿದ್ದು ಪ್ರಶಂಸೆಯನ್ನಲ್ಲ. ೧೯೦೩ ರ ಯಂತ್ರದ ಮತ್ತು ೧೯೧೪ ರ ಯಂತ್ರದ ವಿವರಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡಿಸಬೇಕೆಂದು ಮಾತ್ರ. ಕೊನೆಗೆ, ಆರ್ವಿಲರ ಜೀವನಚರಿತ್ರಕಾರರಾದ ಫ್ರೆಡ್ ಕೆಲ್ಲಿಯವರ ಮಧ್ಯಸ್ಥಿಕೆಯಿಂದ, ೧೯೪೨ ನೆಯ ಅಕ್ಟೋಬರ್ ೨೪ ರಂದು ಕಾರ್ಯದರ್ಶಿ ಚಾರ್ಲ್ಸ್ ಆಬಟ್ಟರು ಆ ಪಟ್ಟಿಯನ್ನು ಸಂಸ್ಥೆಯ ಪ್ರಕಟಣೆಯಲ್ಲಿಯೇ ಅಚ್ಚುಮಾಡಿಸಿ, ಹಿಂದಿನ ಹೇಳಿಕೆಗಳು ತಪ್ಪುದಾರಿಗೆಳೆಯುವಂತಿದ್ದುವೆಂದು ಒಪ್ಪಿ ವಿಷಾದವನ್ನು ಸೂಚಿಸಿದರು. ಮುಂದಿನ ವರ್ಷ ಆರ್ವಿಲರು ಯಂತ್ರವನ್ನು ಹಿಂದಕ್ಕೆ ತರಿಸಲು ಒಪ್ಪಿದರು. ಅದು ಅಮೆರಿಕಕ್ಕೆ ಮರಳುವಷ್ಟರಲ್ಲಿ ಅವರು ಬದುಕಿರಲಿಲ್ಲ. ೧೯೪೮ ನೆಯ ಜನವರಿ ೩೦ ರಂದು ತೀರಿಕೊಂಡಿದ್ದರು. ಅದೇ ವರ್ಷದ ಡಿಸೆಂಬರ್ ೧೭ ರಂದು ಯಂತ್ರವನ್ನು ವಾಷಿಂಗ್ಟನ್ನಿನಲ್ಲಿ ವಿಧಿಪೂರ್ವಕವಾಗಿ ಪ್ರತಿಷ್ಠಾಪಿಸಲಾಯಿತು.

ಇದಕ್ಕೆ ಒಂದು ಕರಾರೂ ಉಂಟು. ಆರ್ವಿಲರ ಆಸ್ತಿಯ ನಿರ್ವಾಹಕರು ಯಂತ್ರವನ್ನು ಸಂಸ್ಥೆಗೆ ಒಂದು ಡಾಲರಿಗೆ ಮಾರಿ, ೧೯೦೩ ಕ್ಕಿಂತ ಹಿಂದಿನ ಯಾವ ವಿಮಾನವೂ ಮನುಷ್ಯನನ್ನು ಹೊತ್ತು ಹತೋಟಿಯಲ್ಲಿ ಹಾರಬಲ್ಲದಾಗಿತ್ತೆಂದು ಸಂಸ್ಥೆಯು ಹೇಳಕೂಡದು, ಹೇಳಿದಲ್ಲಿ ಯಂತ್ರವು ವಾರಸುದಾರರಿಗೆ ಹಿಂದಿರುಗತಕ್ಕದ್ದು ಎಂದು ಬರೆಸಿಕೊಂಡರು. ಮೂವತ್ತು ವರ್ಷ ನೊಂದವರ ಎಚ್ಚರಿಕೆಯಿದೆಂಬುದನ್ನು ನಾವು ಬಲ್ಲೆವು. ಆದರೂ ಸತ್ಯವನ್ನು ಕರಾರುಪತ್ರದಿಂದ ಕಾಪಾಡಲೆಳಸುವುದು ವಿದ್ಯೆಗೆ ಶೋಭೆಯಲ್ಲ. ಡಿಸೆಂಬರ್ ೧೭ ರ ಹಾರಾಟವು ನಿಂತಿರುವುದು ಕರಾರಿನ ಮೇಲಲ್ಲ. ಅಂದು ತೆಗೆದ ಛಾಯಾಚಿತ್ರ, ದಿನಚರಿ, ತಂತಿ, ಸ್ಥಳದಲ್ಲಿದ್ದ ಸಾಕ್ಷಿಗಳು ಇವುಗಳ ಮೇಲೆ. ಕರಾರಿನಿಂದಾದ ಫಲವೆಂದರೆ ಸಂದೇಹವಾದಿಗಳಿಗೆ ಒಂದು ಆಯುಧ ದೊರೆತುದು.

೫. ರೈಟರ ವಿಮಾನವು ಎಷ್ಟರಮಟ್ಟಿಗೆ ಮೂಲ?

ಇಷ್ಟನ್ನು ಓದಿದ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಲ್ಯಾಂಗ್ಲಿಯವರ ಯಂತ್ರವನ್ನು ತಿದ್ದಿದರೆಂದು ದೂರುವ ನಾವು ರೈಟರ ಯಂತ್ರವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಡವೆ? ತೂಗಲೇಬೇಕು. ೧೯೧೩ ರ ಡೇಟನ್ ನೆರೆಯಲ್ಲಿ ಅದರ ಪೆಟ್ಟಿಗೆಗಳು ಹಲವು ದಿನಗಳು ಕೆಸರುನೀರಿನಲ್ಲಿ ಮುಳುಗಿದ್ದುವು. ೧೯೧೬ ರಲ್ಲಿ ಒಂದು ಪ್ರದರ್ಶನಕ್ಕಾಗಿ ಆರ್ವಿಲರು ಅದನ್ನು ಬಿಚ್ಚಿ ಜೋಡಿಸಿದಾಗ ಮುರಿದ ಭಾಗಗಳಿಗೆ ಬದಲಾಗಿ ಹೊಸವನ್ನು ಹಾಕಿದರು. ಎಂಜಿನಿನ ಕ್ರ್ಯಾಂಕ್ ಶಾಫ್ಟು ಮತ್ತು ಭಾರಚಕ್ರಗಳನ್ನು ೧೯೦೬ ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಕಳುಹಿಸಿದ್ದರು. ಅವು ಮರಳಿ ಬರಲೇ ಇಲ್ಲ. ಲಂಡನ್ನಿಗೆ ಕಳುಹಿಸುವ ಮುನ್ನ, ೧೯೨೭ ರಲ್ಲಿ, ರೆಕ್ಕೆಗಳ ಬಟ್ಟೆಯನ್ನೆಲ್ಲ ಹೊಸದಾಗಿ ಹೊದಿಸಿದರು. ೧೯೮೫ ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಆ ಬಟ್ಟೆಯೂ ಬದಲಾಯಿತು. ೧೯೦೩ ರ ಮೂಲವಸ್ತ್ರದ ತುಣುಕುಗಳು ಬೇರೆಬೇರೆ ಕಡೆ ಹಂಚಿಹೋಗಿವೆ. ೧೯೬೯ ರಲ್ಲಿ ಚಂದ್ರನಿಗೆ ಹೋದ ಯಾತ್ರಿಕರು ಒಂದು ತುಣುಕನ್ನು ಒಯ್ದಿದ್ದರು, ೨೦೨೧ ರಲ್ಲಿ ಮಂಗಳಗ್ರಹದ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರಿನಲ್ಲಿಯೂ ಒಂದು ಚೂರು ಇದ್ದಿತು. ಅಂದರೆ ಕಿಟಿ ಹಾಕಿನ ಗಾಳಿಯನ್ನು ತಡೆದ ಬಟ್ಟೆಯು ಲೋಕಾಂತರಗಳಿಗೆ ಹೋಗಿದೆ. ನಾವು ವಸ್ತುಸಂಗ್ರಹಾಲಯದಲ್ಲಿ ನೋಡುವುದು ಆ ಬಟ್ಟೆಯನ್ನಲ್ಲ.

ಹಾಗಾದರೆ ಎರಡಕ್ಕೂ ಇರುವ ಅಂತರವೇನು? ಎರಡಿವೆ. ಮೊದಲನೆಯದು, ರೈಟರ ಯಂತ್ರದಲ್ಲಿ ಆದ ಬದಲಾವಣೆಗಳು ಲೋಕಕ್ಕೆ ತಿಳಿದಿವೆ. ಇವನ್ನು ಇಲ್ಲಿ ನಾವು ಎಣಿಸಲು ಸಾಧ್ಯವಾದುದೇ ಅದಕ್ಕೆ ಪ್ರಮಾಣ. ಎರಡನೆಯದು, ಇನ್ನೂ ಮುಖ್ಯವಾದುದು: ರೈಟರ ಯಂತ್ರವು ಹಾರಿತೆಂಬುದನ್ನು ತೋರಿಸಲು ಯಾರೂ ಆ ದುರಸ್ತಾದ ಯಂತ್ರವನ್ನು ಆಧಾರವಾಗಿ ಹಿಡಿಯುವುದಿಲ್ಲ. ಸಾಕ್ಷ್ಯವು ಬೇರೆ ಕಡೆಯಿದೆ. ಯಂತ್ರವು ಅದರ ಸ್ಮಾರಕ. ಹ್ಯಾಮಂಡ್ಸ್‌ಪೋರ್ಟಿನಲ್ಲಾದರೋ ದುರಸ್ತಾದ ಯಂತ್ರವನ್ನೇ ಸಾಕ್ಷಿಯ ಕಟ್ಟೆಗೆ ಹತ್ತಿಸಿದರು.

೬. ಪ್ರತಿಕೃತಿಗಳ ಸಾಕ್ಷ್ಯ

ಈ ವಿವೇಕವು ಇಂದಿಗೂ ಎಲ್ಲರಿಗೂ ಬಂದಂತಿಲ್ಲ. ಬವೇರಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋದ ಗಸ್ಟವ್ ವೈಟ್‌ಹೆಡ್ ಎಂಬ ಬಡ ಯಂತ್ರಕರ್ಮಿಯು ೧೯೦೧ ನೆಯ ಆಗಸ್ಟ್ ೧೪ ರಂದು ಕನೆಕ್ಟಿಕಟ್ ಸಂಸ್ಥಾನದಲ್ಲಿ ಅರ್ಧ ಮೈಲಿ ಹಾರಿದನೆಂದು ಸ್ಥಳೀಯ ಪತ್ರಿಕೆಯೊಂದು ವರದಿಮಾಡಿತ್ತು. ಹಾರಾಟದ ಛಾಯಾಚಿತ್ರವಿಲ್ಲ, ಪತ್ರಿಕೆಯು ಹೆಸರಿಸಿದ ಸಾಕ್ಷಿಗಳಲ್ಲೊಬ್ಬನು ತಾನು ಅಲ್ಲಿರಲೇ ಇಲ್ಲವೆಂದು ಮುಂದೆ ಹೇಳಿಕೆಯಿತ್ತನು. ಆದರೂ ಅಭಿಮಾನಿಗಳು ಪಟ್ಟುಬಿಡಲಿಲ್ಲ. ೧೯೮೬ ರಲ್ಲಿ ಅಮೆರಿಕದಲ್ಲಿಯೂ ಅನಂತರ ಜರ್ಮನಿಯಲ್ಲಿಯೂ ವೈಟ್‌ಹೆಡನ ಯಂತ್ರದ ಪ್ರತಿಕೃತಿಗಳನ್ನು ಕಟ್ಟಿ ಹಾರಿಸಿದರು. ೨೦೧೩ ರಲ್ಲಿ ಜೇನ್ಸ್ ಎಂಬ ಹೆಸರಾಂತ ವಿಮಾನ ವಾರ್ಷಿಕದ ಮುನ್ನುಡಿಯು ಅವನ ಪಕ್ಷವನ್ನು ವಹಿಸಿತು. ಅದು ಸಂಪಾದಕರ ಸ್ವಂತ ಅಭಿಪ್ರಾಯವೆಂದು ಪ್ರಕಾಶಕರು ಮುಂದೆ ತಿಳಿಸಿದರು. ಅದೇ ವರ್ಷ ಕನೆಕ್ಟಿಕಟ್ಟಿನ ಶಾಸನಸಭೆಯು ಮೊದಲ ಹಾರಾಟದ ಗೌರವವನ್ನು ಕಾನೂನಿನ ಮೂಲಕವೇ ಅವನಿಗೆ ಕೊಟ್ಟಿತು.

ಆ ಪ್ರತಿಕೃತಿಗಳನ್ನು ಹಾರಿಸಿದ್ದು ಆಧುನಿಕ ಎಂಜಿನುಗಳಿಂದ. ಕಟ್ಟಿದ್ದು ಹಳೆಯ ಛಾಯಾಚಿತ್ರಗಳನ್ನು ನೋಡಿಕೊಂಡು. ಅವುಗಳ ಹಾರಾಟವು ಆ ಆಕಾರದ ರೆಕ್ಕೆಯು ಭಾರವನ್ನು ಎತ್ತಬಲ್ಲದೆಂಬುದನ್ನು ತೋರಿಸುತ್ತದೆ. ೧೯೦೧ ರಲ್ಲಿ ಅದು ಎತ್ತಿತೆಂಬುದನ್ನಲ್ಲ. ಇದು ಹ್ಯಾಮಂಡ್ಸ್‌ಪೋರ್ಟಿನ ತಪ್ಪೇ ಮತ್ತೊಂದು ವೇಷದಲ್ಲಿ. ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ೨೦೦೩ ನೆಯ ಡಿಸೆಂಬರ್ ೧೭ ರಂದು, ಶತಮಾನೋತ್ಸವದ ದಿನ, ಅತ್ಯಂತ ಶ್ರದ್ಧೆಯಿಂದ ಕಟ್ಟಿದ ರೈಟ್ ವಿಮಾನದ ಪ್ರತಿಕೃತಿಯೊಂದನ್ನು ಕಿಟಿ ಹಾಕಿನ ಬಳಿ ಹಾರಿಸಲೆಳಸಿದರು. ಮಳೆ ಸುರಿಯುತ್ತಿದ್ದಿತು, ಗಾಳಿ ಸಾಲದಾಗಿತ್ತು. ಯಂತ್ರವು ಹಳಿಯಿಂದ ಜಾರಿ ಕೆಸರಿನಲ್ಲಿ ನಿಂತಿತು. ಇದರಿಂದ ರೈಟರು ಹಾರಲಿಲ್ಲವೆಂದು ಸಿದ್ಧವಾಯಿತೆ? ಇಲ್ಲ. ಹಾಗಿದ್ದಮೇಲೆ, ಪ್ರತಿಕೃತಿಯ ಸೋಲು ಮೂಲದ ಸೋಲಿಗೆ ಪ್ರಮಾಣವಾಗದಿದ್ದರೆ ಪ್ರತಿಕೃತಿಯ ಗೆಲುವೂ ಮೂಲದ ಗೆಲುವಿಗೆ ಪ್ರಮಾಣವಾಗಲಾರದು. ತಕ್ಕಡಿಯ ಎರಡು ತಟ್ಟೆಗಳೂ ಒಂದೇ ನಿಯಮಕ್ಕೆ ಒಳಪಟ್ಟಿರಬೇಕು.

೭. ಬೆಂಗಳೂರಿನ ಒಂದು ನಿದರ್ಶನ

ದುರಸ್ತೆಲ್ಲವೂ ಸಾಕ್ಷ್ಯವನ್ನು ಕೆಡಿಸುವುದೆಂದು ನಮ್ಮ ಅಭಿಪ್ರಾಯವಲ್ಲ. ಹಾರುವುದಕ್ಕೆಂದೇ ಮಾಡುವ ದುರಸ್ತಿಗೆ ನಮ್ಮ ನಾಡಿನಲ್ಲಿಯೇ ಒಂದು ಉಜ್ಜ್ವಲವಾದ ನಿದರ್ಶನವಿದೆ. ಎರಡನೆಯ ಮಹಾಯುದ್ಧವು ಮುಗಿದಾಗ ಅಮೆರಿಕದಲ್ಲಿ ತಯಾರಾದ 'ಲಿಬರೇಟರ್' ಎಂಬ ನಾಲ್ಕು ಎಂಜಿನುಗಳ ಬಾಂಬರ್ ವಿಮಾನಗಳು ಕಾನ್ಪುರದ ಬಯಲಿನಲ್ಲಿ, ಮತ್ತೆ ಹಾರದಂತೆ ಹಾಳುಗೆಡವಲ್ಪಟ್ಟು, ಬಿದ್ದಿದ್ದುವು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ಅವುಗಳಲ್ಲಿ ಸುಮಾರು ನಾಲ್ವತ್ತನ್ನು ಹೇಗೋ ಹಾರುವಷ್ಟಕ್ಕೆ ಸರಿಪಡಿಸಿ, ಬೆಂಗಳೂರಿಗೆ ಹಾರಿಸಿ ತಂದು, ಇಲ್ಲಿ ಪೂರ್ಣವಾಗಿ ನವೀಕರಿಸಿದರು. ೧೯೪೮ ರಿಂದ ಭಾರತೀಯ ವಾಯುಪಡೆಯು ಅವನ್ನು ಬಳಸಿತು. ಸುಮಾರು ಇಪ್ಪತ್ತು ವರ್ಷಗಳ ಕಾಲ ಅವು ಸೇವೆಯಲ್ಲಿದ್ದುವು. ಒಂದು ವಿಮಾನದ ಅಂಗವನ್ನು ಇನ್ನೊಂದಕ್ಕೆ ಹಾಕಿದರೆ ಅಲ್ಲಿ ಯಾರ ಆಕ್ಷೇಪವೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಪ್ರಶ್ನೆಯು ಹುಟ್ಟಿದ್ದು ಆಮೇಲೆ. ಈ ವಿಮಾನಗಳು ನಿವೃತ್ತವಾದ ಮೇಲೆ ಕೆಲವು ಕೆನಡ, ಬ್ರಿಟನ್, ಅಮೆರಿಕ ದೇಶಗಳ ಸಂಗ್ರಹಾಲಯಗಳಿಗೆ ಹೋದುವು. ಲೋಕದಲ್ಲಿ ಇಂದು ಉಳಿದಿರುವ ಕೆಲವೇ ಲಿಬರೇಟರುಗಳಲ್ಲಿ ಹಲವು ಹೀಗೆ ಬೆಂಗಳೂರಿನ ಕೆಲಸಗಾರರ ಕೈಯಿಂದ ಉಳಿದುಬಂದವು. ಅಮೆರಿಕದಲ್ಲಿ ಮತ್ತೆ ಹಾರುವ ಸ್ಥಿತಿಗೆ ತಂದ ಒಂದು ವಿಮಾನಕ್ಕೆ ಯುದ್ಧಕಾಲದ ಬೇರೆಬೇರೆ ಅಮೆರಿಕನ್ ವಿಮಾನಗಳ ಬಣ್ಣವನ್ನೂ ಹೆಸರನ್ನೂ ಕೊಟ್ಟಿದ್ದಾರೆ. ಯುದ್ಧದಲ್ಲಿ ಮಡಿದವರ ನೆನಪಿಗಾಗಿ ಹಾಗೆ ಮಾಡಿದುದು ಸಹಜವೇ, ಅದರಲ್ಲಿ ವಂಚನೆಯಿಲ್ಲ. ಆದರೆ ಆ ಬಣ್ಣದ ಕೆಳಗೆ ಇಪ್ಪತ್ತು ವರ್ಷಗಳ ಇನ್ನೊಂದು ಇತಿಹಾಸವಿದೆ. ಫಲಕದಲ್ಲಿ ಒಂದು ಸಾಲು ಬರೆದರೆ ಅದು ಉಳಿಯುತ್ತದೆ, ಬರೆಯದಿದ್ದರೆ ಅಳಿಯುತ್ತದೆ. ಜೀರ್ಣೋದ್ಧಾರಕನ ಮೌನವು ಒಮ್ಮೆ ಇಲ್ಲದ ಕೀರ್ತಿಯನ್ನು ಸೃಷ್ಟಿಸಬಹುದು, ಇನ್ನೊಮ್ಮೆ ಇದ್ದ ಕೀರ್ತಿಯನ್ನು ಅಳಿಸಬಹುದು.

೮. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಬಗೆಯ ದುರಸ್ತಿಗಳನ್ನು ನಾವು ವಿಂಗಡಿಸಬಹುದು: ಬಳಕೆಗಾಗಿ ಮಾಡುವುದು, ಸ್ಮರಣೆಗಾಗಿ ಮಾಡುವುದು, ಪ್ರಮಾಣಕ್ಕಾಗಿ ಮಾಡುವುದು. ಬಳಕೆಯ ದುರಸ್ತಿಯಲ್ಲಿ ಯಂತ್ರವು ಕೆಲಸ ಮಾಡಿದರೆ ಸಾಕು. ಸ್ಮರಣೆಯ ದುರಸ್ತಿಯಲ್ಲಿ ರೂಪವು ಮುಖ್ಯ. ಹೊಸದು ಯಾವುದೆಂಬ ಲಿಖಿತವು ಜೊತೆಗಿರಬೇಕು. ಪ್ರಮಾಣದ ದುರಸ್ತಿಯಲ್ಲಾದರೋ ಒಂದು ತಂತಿಯ ಸ್ಥಾನಪಲ್ಲಟವೂ ಫಲಿತಾಂಶವನ್ನು ಕೆಡಿಸಬಲ್ಲುದು. ಒಂದು ಬಗೆಯ ದುರಸ್ತನ್ನು ಮಾಡಿ ಇನ್ನೊಂದರ ಫಲವನ್ನು ಬೇಡಿದಾಗಲೇ ವಿವಾದವು ಹುಟ್ಟುತ್ತದೆ.

ಲ್ಯಾಂಗ್ಲಿಯವರ ಯಂತ್ರವು ಇಂದು ವರ್ಜೀನಿಯದ ಶಾಂಟಿಲಿಯಲ್ಲಿರುವ ಸ್ಮಿತ್ಸೋನಿಯನ್ ವಿಮಾನಶಾಲೆಯಲ್ಲಿದೆ. ರೈಟರದು ಅದೇ ಸಂಸ್ಥೆಯ ವಾಷಿಂಗ್ಟನ್ ಸಂಗ್ರಹಾಲಯದಲ್ಲಿದೆ. ಲ್ಯಾಂಗ್ಲಿಯವರಿಗೆ ಆದ ನಿಜವಾದ ಅನ್ಯಾಯವನ್ನು ಮಾಡಿದವರು ಅವರ ವಿರೋಧಿಗಳಲ್ಲ, ಅಭಿಮಾನಿಗಳು. ೧೮೯೬ ರ ಮಾದರಿಯ ಹಾರಾಟವೆಂಬ ಸತ್ಯವಾದ ಕೀರ್ತಿಯು ಅವರಿಗಿದ್ದಿತು. ೧೯೦೩ ರ ಸುಳ್ಳು ಕೀರ್ತಿಯನ್ನು ಅದರ ಮೇಲೆ ಹೇರಿ, ಮೊದಲಿನದನ್ನೂ ಜನರು ಸಂದೇಹದಿಂದ ನೋಡುವಂತೆ ಮಾಡಿದರು. ಪೂರ್ವಿಕರ ಮೇಲಣ ಪ್ರೀತಿಯಿಂದ ಅವರ ಕೃತಿಗಳನ್ನು ತಿದ್ದಹೊರಡುವ ನಾವೆಲ್ಲರೂ, ಕೈಯಲ್ಲಿರುವುದು ಓಲೆಗರಿಯಾಗಲಿ ವಿಮಾನದ ರೆಕ್ಕೆಯಾಗಲಿ, ಕಂಸವನ್ನು ಹಾಕುವುದನ್ನು ಮರೆಯಬಾರದು.